ಜೇಬಿನಲ್ಲಿಡುವ ಮಡಚು ಚಾಕು: ಕೋಲಾರದ ನಮ್ಮ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರಿಗೆ ಚಾಕು ದೊಡ್ಡ ವ್ಯಾಪಾರವೇನಲ್ಲ. ಆದರೆ ಅದರ ಬಗ್ಗೆ ಪ್ರಶ್ನೆಗಳು ಮಾತ್ರ ಮುಗಿಯುವುದಿಲ್ಲ. ಟೊಮೆಟೊ ಬೆಳೆಯುವವರು ಕೇಳುತ್ತಾರೆ, ಹಿಪ್ಪುನೇರಳೆ ತೋಟದವರು ಕೇಳುತ್ತಾರೆ, ಶ್ರೀನಿವಾಸಪುರದ ಮಾವಿನವರು ಕೇಳುತ್ತಾರೆ. ಈಗ ವಿಡಿಯೊ ನೋಡಿಕೊಂಡು ಬರುವ ಹುಡುಗರೂ ಸೇರಿದ್ದಾರೆ. ಕೆಳಗೆ ಬರುವ ವಿದೇಶಿ ಚಾಕುಗಳನ್ನು ನಾನು ಮಾರುವುದಿಲ್ಲ. ಜನ ಆನ್‌ಲೈನ್‌ನಲ್ಲಿ ತರಿಸಿಕೊಂಡು, ಮೊಂಡಾದ ಮೇಲೆ ಸಾಣೆಗೆ ಅಂತ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಯಾವುದನ್ನೂ ಹೊಗಳಬೇಕಾದ ಅನಿವಾರ್ಯ ನನಗಿಲ್ಲ.

ದಿನವಿಡೀ ಒರಟು ಕೆಲಸ. ದಪ್ಪ ಅಲಗಿನದೇ ತಗೊಳ್ಳಬೇಕು ಅಲ್ವಾ?

ಬೇಡ. ಮೊದಲು ನಿಮ್ಮ ಒರಟು ಕೆಲಸ ಯಾವುದು ಅಂತ ನೋಡಿ. ಟೊಮೆಟೊ ಗಿಡ ಕಟ್ಟುವ ಸುತಲಿ, ಡ್ರಿಪ್ ಪೈಪು, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು, ಗೊಬ್ಬರದ ಚೀಲ, ಟಾರ್ಪಾಲಿನ್, ದನದ ಹಗ್ಗ, ಮಧ್ಯಾಹ್ನ ಒಂದು ಈರುಳ್ಳಿ. ಇದರಲ್ಲಿ ಗಟ್ಟಿ ವಸ್ತು ಒಂದೂ ಇಲ್ಲ. ಎಲ್ಲವೂ ಮೆತ್ತಗಿನವು, ಆದರೆ ಕೊಳೆಯಾದವು. ನಮ್ಮ ಕೆಂಪು ಮಣ್ಣಿನ ಗರಸು ಹಗ್ಗಕ್ಕೂ ಪೈಪಿಗೂ ಅಂಟಿರುತ್ತದೆ. ಚಾಕುವಿನ ಬಾಯಿ ತಿನ್ನುವುದು ಅದೇ.

ಹಾಗಾಗಿ ಇಲ್ಲಿ ಚಾಕು ಮುರಿಯುವುದು ಅಪರೂಪ. ಮೊಂಡಾಗುವುದು ದಿನದ ಮಾತು. ಬೇಗ ಸಾಣೆ ಹಿಡಿಯಲು ಆಗುವ, ತೆಳುವಾದ ಅಲಗಿನ ಚಾಕು ನಮ್ಮ ಕಡೆಗೆ ಸರಿ. ಸುಮಾರು 3 ಮಿ.ಮೀ. ದಪ್ಪದ ಅಲಗು ಕ್ಯಾರೆಟ್ ಕೊಯ್ಯುವುದಿಲ್ಲ, ಸೌದೆಗೆ ಬೆಣೆ ಹೊಡೆದ ಹಾಗೆ ಸೀಳುತ್ತದೆ. 2 ಮಿ.ಮೀ. ಒಳಗಿನ ಅಲಗು ಸಲೀಸಾಗಿ ಇಳಿಯುತ್ತದೆ. ಪೆಯಿಂಟ್ ಡಬ್ಬಿ ಮುಚ್ಚಳ ಎಬ್ಬಿಸಬೇಕು, ಮೊಳೆ ಕೀಳಬೇಕು ಅಂದರೆ ಅದಕ್ಕೆ ಸ್ಕ್ರೂಡ್ರೈವರ್ ಇದೆ, ಸಣ್ಣ ಹಾರೆ ಇದೆ. ಎಷ್ಟೇ ದುಡ್ಡಿನ ಮಡಚು ಚಾಕು ಆದರೂ ಕೀಲಿರುವ ಕಡೆ ಅದು ಸೂಕ್ಷ್ಮವೇ. ಮೀಟುವ ಕೆಲಸಕ್ಕೆ ಅದನ್ನು ಹಚ್ಚಬೇಡಿ.

ನೂರಿನ್ನೂರು ರೂಪಾಯಿಯ ಚಾಕು ಸಾಲದಾ?

ಹಣ್ಣು ಕೊಯ್ಯಲು ಸಾಕು. ಅವುಗಳ ತೊಂದರೆ ಎರಡು. ಉಕ್ಕು ಮೆದು, ಬೆಳಗ್ಗೆ ಹಿಡಿದ ಸಾಣೆ ಮಧ್ಯಾಹ್ನಕ್ಕೆ ಹೋಗಿರುತ್ತದೆ. ಅದನ್ನಾದರೂ ಸಹಿಸಬಹುದು, ಮತ್ತೆ ಮತ್ತೆ ಉಜ್ಜಿಕೊಂಡರೆ ಆಯಿತು. ಎರಡನೆಯದು ಕೀಲು. ಸ್ಕ್ರೂ ಇಲ್ಲದೆ ಬರೀ ರಿವೆಟ್ ಹೊಡೆದಿರುತ್ತಾರೆ, ಕೆಲವು ತಿಂಗಳಲ್ಲಿ ಅಲಗು ಅತ್ತಿತ್ತ ಆಡಲು ಶುರುವಾಗುತ್ತದೆ. ಆಮೇಲೆ ಬಿಚ್ಚಿದ ಅಲಗು ಮಡಚದ ಹಾಗೆ ಹಿಡಿಯುವ ಅದರ ಲಾಕ್ ನಂಬುವ ಹಾಗಿಲ್ಲ. ಸಂತೆಯಲ್ಲಿ ತಗೊಳ್ಳುವುದೇ ಆದರೆ ಲಾಕ್ ಇಲ್ಲದ, ಸಾದಾ ಸ್ಪ್ರಿಂಗಿನದನ್ನೇ ತಗೊಳ್ಳಿ. ಕೆಟ್ಟ ಲಾಕಿಗಿಂತ ಲಾಕ್ ಇಲ್ಲದಿರುವುದು ವಾಸಿ. ಲಾಕ್ ಇಲ್ಲ ಅಂತ ಗೊತ್ತಿದ್ದರೆ ಕೈ ತಾನಾಗಿ ಹುಷಾರಾಗಿರುತ್ತದೆ.

ಕಟ್ಟರ್ ಇರುವಾಗ ಚಾಕು ಯಾಕೆ?

ಒಳ್ಳೆಯ ಪ್ರಶ್ನೆ. ಎಪಿಎಂಸಿಯಲ್ಲಿ, ಗೋಡೌನಿನಲ್ಲಿ ರಟ್ಟಿನ ಬಾಕ್ಸು, ಟೇಪು, ಪ್ಲಾಸ್ಟಿಕ್ ಪಟ್ಟಿ ಕೊಯ್ಯುವವರಿಗೆ ನಾನು ಚಾಕು ಕೊಡುವುದೇ ಇಲ್ಲ. 18 ಮಿ.ಮೀ. ಅಗಲದ, ತುದಿ ಮುರಿದು ಹೊಸ ಬಾಯಿ ತೆಗೆಯುವ ಕಟ್ಟರ್ ಕೊಡುತ್ತೇನೆ. ಈ ಉಪಾಯ ಹುಟ್ಟಿದ್ದು 1956ರಲ್ಲಿ, ಜಪಾನಿನಲ್ಲಿ. ಈಗಿನ ಓಲ್ಫಾ ಕಂಪನಿಯ ಮೂಲ ಅದೇ. ಸಾಣೆಯ ತಲೆನೋವೇ ಇಲ್ಲ. 9 ಮಿ.ಮೀ.ಯ ಸಣ್ಣದು ಬೇಡ, ಅದು ಕಾಗದಕ್ಕೆ ಮಾತ್ರ.

ಕಟ್ಟರ್ ಸೋಲುವುದು ಹೊಲದಲ್ಲಿ. ಪಕ್ಕಕ್ಕೆ ಸ್ವಲ್ಪ ಒತ್ತಡ ಬಿದ್ದರೂ ಅಲಗು ಪಟ್ ಅಂತ ಮುರಿದು ಮಣ್ಣಿಗೆ ಬೀಳುತ್ತದೆ. ಬರಿಗಾಲಿನವರು, ದನ ಕರು ಓಡಾಡುವ ಜಾಗ ಅದು. ಹಿಪ್ಪುನೇರಳೆ ಸೊಪ್ಪಿನ ಜೊತೆ ಆ ಚೂರು ಹೋದರೆ ಯಾರ ಕೈಗೆ ಚುಚ್ಚುತ್ತದೋ. ತೋಟಕ್ಕೆ ಚಾಕುವೇ ಸರಿ.

ಒಪಿನೆಲ್ ಮತ್ತು ವಿಕ್ಟೋರಿನಾಕ್ಸ್, ಎರಡರಲ್ಲಿ ಯಾವುದು?

ದುಡ್ಡಿಗೆ ತಕ್ಕ ಚಾಕು ಅಂತ ಹುಡುಕಿದರೆ ಕಡೆಗೆ ಬಹಳ ಜನ ಬಂದು ನಿಲ್ಲುವುದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಪಿನೆಲ್ ಫ್ರಾನ್ಸಿನ ಸವೋಯ್ ಎಂಬ ಬೆಟ್ಟದ ಸೀಮೆಯದು. ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ್ದು, ಅಲ್ಲಿನ ರೈತರ ಜೇಬಿಗೆ ಅಂತಲೇ. ಮರದ ಹಿಡಿ, ಒಂದು ಅಲಗು, ಒಂದು ಉಕ್ಕಿನ ಬಳೆ. 1955ರಿಂದ ಈ ಬಳೆ ತಿರುಗಿಸಿದರೆ ಅಲಗು ಲಾಕ್ ಆಗುತ್ತದೆ. 2000ದಿಂದ ಮಡಚಿದಾಗಲೂ ಲಾಕ್ ಮಾಡಬಹುದು, ಜೇಬಿನಲ್ಲಿ ಬಿಚ್ಚಿಕೊಳ್ಳುವ ಭಯವಿಲ್ಲ. ನಂಬರ್ ಮೇಲೆ ಸೈಜು: 6ನೇ ನಂಬರಿನ ಅಲಗು 7 ಸೆಂ.ಮೀ., 8ನೇ ನಂಬರಿನದು 8.5 ಸೆಂ.ಮೀ., 10ನೇ ನಂಬರಿನದು 10 ಸೆಂ.ಮೀ. ನಮ್ಮ ಕೆಲಸಕ್ಕೆ 8 ಸರಿಯಾದ ಅಳತೆ. ಅಲಗು ತೆಳು, ತೂಕ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಕೊಯ್ಯುವುದರಲ್ಲಿ ಈ ಬೆಲೆಗೆ ಇದನ್ನು ಮೀರಿಸಿದ್ದನ್ನು ನಾನು ಸಾಣೆ ಹಿಡಿದಿಲ್ಲ.

ಕೊರತೆ ಏನು? ಮರ. ಮಳೆಯಲ್ಲಿ ನೆನೆದರೆ ಹಿಡಿ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ, ಉಗುರು ಕಿತ್ತರೂ ಬರುವುದಿಲ್ಲ. ಅದಕ್ಕೆ ಸವೋಯ್‌ನವರದೇ ಉಪಾಯ ಇದೆ. ಬಳೆ ಬಿಡಿಸಿ, ಹಿಡಿಯ ಹಿಂಭಾಗವನ್ನು ಕಲ್ಲಿನ ಮೇಲೆ ಟಕ್ ಅಂತ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ. ಮುಂಗಾರಿಗೆ ಮೊದಲೇ ಹಿಡಿಗೆ ಅಗಸೆ ಎಣ್ಣೆ ಕುಡಿಸಿ ನೆರಳಲ್ಲಿ ಒಣಗಿಸಿದರೆ ಈ ತೊಂದರೆ ಜಾಸ್ತಿ ಬರುವುದಿಲ್ಲ. ಇನ್ನೊಂದು ಕೊರತೆ, ಬಿಚ್ಚಲು ಎರಡು ಕೈ ಬೇಕು. ಒಂದು ಕೈಯಲ್ಲಿ ಗಿಡ ಹಿಡಿದು ನಿಂತವರಿಗೆ ಇದು ಕಿರಿಕಿರಿ.

ವಿಕ್ಟೋರಿನಾಕ್ಸ್ ಸ್ವಿಟ್ಜರ್ಲೆಂಡಿನದು. ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಖಾನೆ ತೆರೆದು 1891ರಿಂದ ಅಲ್ಲಿನ ಸೈನ್ಯಕ್ಕೆ ಚಾಕು ಕೊಟ್ಟರು. ಸ್ಪಾರ್ಟನ್ ಮಾದರಿಯ ಉದ್ದ ಮಡಚಿದಾಗ 91 ಮಿ.ಮೀ., ಪಯೊನೀರ್ 93 ಮಿ.ಮೀ. ಕೆಂಪು ಪ್ಲಾಸ್ಟಿಕ್ ಹಿಡಿಯ ಸ್ಪಾರ್ಟನ್‌ಗಿಂತ ಅಲ್ಯೂಮಿನಿಯಂ ಹಿಡಿಯ ಪಯೊನೀರ್ ನಮ್ಮ ಕಡೆ ಜಾಸ್ತಿ ತಾಳುತ್ತದೆ, ಬೆಲೆಯೂ ಜಾಸ್ತಿ. ಸ್ಕ್ರೂಡ್ರೈವರ್, ತೂತು ಮಾಡುವ ದಬ್ಬಣ, ವೈರ್ ಸುಲಿಯುವ ಕಚ್ಚು ಜೊತೆಗೇ ಇವೆ. ಮೋಟರಿನ ಸ್ಟಾರ್ಟರ್ ಬಾಕ್ಸು ಬಿಚ್ಚುವ ರೈತನಿಗೆ ಅಲಗಿಗಿಂತ ಆ ಸ್ಕ್ರೂಡ್ರೈವರೇ ದೊಡ್ಡ ಉಪಕಾರ. ಮೇನ್ ಆಫ್ ಮಾಡಿ ಬಿಚ್ಚಿ, ಅಷ್ಟೇ. ಉಕ್ಕು ತುಕ್ಕು ಹಿಡಿಯುವುದಿಲ್ಲ, ಮೆದು ಇರುವುದರಿಂದ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಆದರೆ ಈ ಎರಡೂ ಮಾದರಿಗಳ ಅಲಗಿಗೆ ಲಾಕ್ ಇಲ್ಲ.

ಬರೀ ಕೊಯ್ಯುವವರು ಒಪಿನೆಲ್ ತಗೊಳ್ಳಲಿ. ಹತ್ತು ಥರದ ಕೆಲಸ ಮಾಡುವವರು ವಿಕ್ಟೋರಿನಾಕ್ಸ್ ತಗೊಳ್ಳಲಿ.

ಬಕ್ 110 ಗಟ್ಟಿ ಅಂತಾರೆ?

ಗಟ್ಟಿಯೇ. ಅಮೆರಿಕದ ಬೇಟೆಗಾರರಿಗೆ ಅಂತ 1960ರ ದಶಕದಲ್ಲಿ ಬಂದ ಚಾಕು. ಹಿತ್ತಾಳೆ ಮತ್ತು ಮರದ ಹಿಡಿ, ಬೆನ್ನಿನಲ್ಲಿ ಲಾಕ್. ತೂಕ 200 ಗ್ರಾಂ ಸುತ್ತಮುತ್ತ. ಲುಂಗಿ ಉಟ್ಟವರು ಎಲ್ಲಿ ಇಡುತ್ತೀರಿ ಹೇಳಿ. ಸೊಂಟದ ಚೀಲ ಕಟ್ಟುವ ಅಭ್ಯಾಸ ಇದ್ದರೆ ಮಾತ್ರ ಯೋಚನೆ ಮಾಡಿ.

ರ‍್ಯಾಟ್, ಗಾಂಜೊ ಥರದವು ನೋಡಿದ್ದೇನೆ. ಡಿ2 ಉಕ್ಕು ಅಂತ ಬರೆದಿರುತ್ತೆ. ಒಳ್ಳೆಯದಾ?

ಒಂದೇ ಕೈಯಲ್ಲಿ ಬಿಚ್ಚಿ ಮುಚ್ಚಬಹುದು, ಲಾಕ್ ಗಟ್ಟಿ, ಜೇಬಿಗೆ ಸಿಕ್ಕಿಸಲು ಕ್ಲಿಪ್ ಇದೆ. ಕೀಲಿಗೆ ಸ್ಕ್ರೂ ಇದೆ, ಸಡಿಲವಾದರೆ ಮನೆಯಲ್ಲೇ ಬಿಗಿ ಮಾಡಬಹುದು. ಗಾಂಜೊ ಚೀನಾದ್ದು. ರ‍್ಯಾಟ್ ಅಮೆರಿಕದ ಆಂಟೇರಿಯೊ ಕಂಪನಿಯ ಹೆಸರಲ್ಲಿ ತೈವಾನಿನಲ್ಲಿ ತಯಾರಾಗಿ ಬಂದದ್ದು. 1 ಮತ್ತು 2 ಎಂಬ ಎರಡು ಸೈಜಿನಲ್ಲಿ ತಗೊಳ್ಳುವುದಾದರೆ ಸಣ್ಣದಾದ 2ನೆಯದನ್ನೇ ತಗೊಳ್ಳಿ. 1ನೆಯದರ ತೂಕ ಅದರ ಎರಡು ಪಟ್ಟಿಗೆ ಹತ್ತಿರ.

ಡಿ2 ವಿಷಯಕ್ಕೆ ಬರೋಣ. ಅದು ಅಚ್ಚು, ಡೈ ಮಾಡಲು ಬಳಸುವ ಉಕ್ಕು. ಕಾರ್ಬನ್ ಸುಮಾರು 1.5 ಶೇಕಡಾ, ಕ್ರೋಮಿಯಂ ಸುಮಾರು 12 ಶೇಕಡಾ. ಇಷ್ಟು ಕ್ರೋಮಿಯಂ ಇದ್ದರೂ ಅದರಲ್ಲಿ ಬಹಳಷ್ಟು ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಡುತ್ತದೆ. ಆ ಕಣಗಳಿಂದಲೇ ಸಾಣೆ ಬಹಳ ದಿನ ನಿಲ್ಲುತ್ತದೆ. ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಮಾತ್ರ ಕಮ್ಮಿ. ಟೊಮೆಟೊ ರಸ ಒರೆಸದೆ ಮಡಚಿಟ್ಟರೆ ಕಲೆ ಬರುತ್ತದೆ. ಇನ್ನು ಮೊಂಡಾದ ಮೇಲೆ ಮಾಮೂಲಿ ಸಾಣೆಕಲ್ಲಿಗೆ ಅದು ಜಗ್ಗುವುದೇ ಇಲ್ಲ, ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ಬೇಕು. ಅದನ್ನು ಇಟ್ಟುಕೊಂಡವರು ಧಾರಾಳವಾಗಿ ಡಿ2 ತಗೊಳ್ಳಿ. ಇಲ್ಲದವರು ಮೊಂಡು ಡಿ2 ಹಿಡಿದುಕೊಂಡು ಓಡಾಡುವುದನ್ನು ನೋಡುತ್ತಲೇ ಇದ್ದೇನೆ.

ಹಾಗಾದರೆ ಯಾವ ಉಕ್ಕು ಕೇಳಲಿ?

ಸುಮ್ನೆ ಹೆಸರುಗಳ ಹಿಂದೆ ಹೋಗಬೇಡಿ. ಕಡಿಮೆ ಬೆಲೆಯಲ್ಲಿ 12ಸಿ27, 8ಸಿಆರ್13ಎಂಒವಿ, ಎಯುಎಸ್-8 ಅಂತ ಇದ್ದರೆ ಮೂರೂ ಸರಿ. ತುಕ್ಕಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸಾದಾ ಕಲ್ಲಿನಲ್ಲಿ ಹರಿತವಾಗುತ್ತವೆ. ಬರೀ ‘ಸ್ಟೇನ್‌ಲೆಸ್’ ಅಂತ ಬರೆದು ಸುಮ್ಮನಾದರೆ ಅದು ಚಮಚದ ಉಕ್ಕೋ ಚಾಕುವಿನ ಉಕ್ಕೋ ಹೇಳುವುದು ಕಷ್ಟ.

ಒಪಿನೆಲ್‌ನಲ್ಲಿ ಕಾರ್ಬನ್ ಸ್ಟೀಲ್, ಸ್ಟೇನ್‌ಲೆಸ್ ಎರಡೂ ಬರುತ್ತವೆ. ಕಾರ್ಬನ್‌ನದು ಇನ್ನೂ ಬೇಗ ಹರಿತವಾಗುತ್ತದೆ. ಆದರೆ ಹುಣಸೆ, ಮಾವಿನಕಾಯಿ, ನಿಂಬೆ ಮುಟ್ಟಿದ ತಕ್ಷಣ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಕೆಡುಕಲ್ಲ, ಅದನ್ನು ಉಜ್ಜಿ ತೆಗೆಯಬೇಡಿ. ಕೆಂಪು ತುಕ್ಕು ಬಂದರೆ ಮಾತ್ರ ಚಿಂತೆ ಮಾಡಿ.

ಲಾಕ್ ಇಲ್ಲದ ಚಾಕು ಅಪಾಯ ಅಲ್ವಾ?

ಎಳೆದು ಕೊಯ್ಯುವಾಗ ಅಲಗು ಬಿಚ್ಚುವ ಕಡೆಗೇ ಒತ್ತಡ ಇರುತ್ತದೆ, ಅಪಾಯವಿಲ್ಲ. ಚುಚ್ಚಿ ತೂತು ಮಾಡುವಾಗ, ಅಲಗು ಎಲ್ಲೋ ಸಿಕ್ಕಿಕೊಂಡು ಹಿಂದಕ್ಕೆ ಎಳೆಯುವಾಗ ಅದು ಬೆರಳ ಮೇಲೆ ಮಡಚುತ್ತದೆ. ಮಲ್ಚಿಂಗ್ ಶೀಟಿಗೆ, ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಹೊಡೆಯುವವರು ಲಾಕ್ ಇರುವುದನ್ನೇ ತಗೊಳ್ಳಿ.

ಹೊಸ ಚಾಕು ಬಂದ ದಿನ ಲಾಕ್ ಪರೀಕ್ಷೆ ಮಾಡಿ. ಬಿಚ್ಚಿ ಲಾಕ್ ಹಾಕಿ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮರದ ಹಲಗೆಯ ಮೇಲೆ ಮೆಲ್ಲಗೆ ತಟ್ಟಿ. ಲಾಕ್ ಜಾರಿದರೆ ಅವತ್ತೇ ವಾಪಸ್ ಕಳಿಸಿ. ಹಿಡಿಯ ಒಳಗಿನ ತಗಡು ಅಲಗಿಗೆ ಒತ್ತಿ ನಿಲ್ಲುವ ಲಾಕ್ ಇದ್ದರೆ ಇನ್ನೊಂದು ಕೆಲಸ ಇದೆ. ಆ ಸಂದಿಯಲ್ಲಿ ಮಣ್ಣು ಕೂತರೆ ತಗಡು ಪೂರ್ತಿ ಬಂದು ನಿಲ್ಲುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆಗಾಗ ಉಜ್ಜಿ.

ಡ್ರಿಪ್ ಪೈಪು, ಹಗ್ಗ, ಚೀಲಕ್ಕೆ ಗರಗಸದ ಹಲ್ಲಿನ ಅಲಗು ಬೇಕಾ?

ನೈಲಾನ್ ಹಗ್ಗವನ್ನು ಹಲ್ಲಿನ ಅಲಗು ಚೆನ್ನಾಗಿಯೇ ಕೊಯ್ಯುತ್ತದೆ. ಆದರೆ ಹಲ್ಲು ಮೊಂಡಾದರೆ ನಮ್ಮ ಕಡೆ ಅದಕ್ಕೆ ಸಾಣೆ ಹಿಡಿಯುವವರಿಲ್ಲ. ನೇರ ಬಾಯಿಗೇ ಸ್ವಲ್ಪ ಒರಟು ಕಲ್ಲಿನಲ್ಲಿ ಸಾಣೆ ಹಿಡಿದು, ನುಣುಪು ಮಾಡದೆ ಬಿಟ್ಟರೆ ಹಗ್ಗಕ್ಕೆ ಅದೇ ಸಾಕು. 16 ಮಿ.ಮೀ.ಯ ಡ್ರಿಪ್ ಪೈಪು ಕೊಯ್ಯುವ ಮೊದಲು ಬಟ್ಟೆಯಲ್ಲಿ ಒಂದು ಸಲ ಮಣ್ಣು ಒರೆಸಿ. ಇಷ್ಟಕ್ಕೇ ಸಾಣೆ ಎಷ್ಟೋ ದಿನ ಜಾಸ್ತಿ ಬರುತ್ತದೆ.

ಗೊಬ್ಬರದ ಚೀಲಕ್ಕೆ ಚಾಕುವೇ ಬೇಡ. ಹೊಲಿಗೆಯ ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚೀಲವೂ ಉಳಿಯುತ್ತದೆ.

ಇದೇ ಚಾಕುವಿನಲ್ಲಿ ಮಾವಿನ ಕಸಿ ಕಟ್ಟಬಹುದಾ?

ಕಟ್ಟಬೇಡಿ. ಕಸಿ ಚಾಕುವಿನ ಅಲಗಿಗೆ ಒಂದೇ ಕಡೆ ಸಾಣೆ, ಇನ್ನೊಂದು ಕಡೆ ಚಪ್ಪಟೆ. ಅದರಿಂದಲೇ ಕೊಯ್ದ ಮೈ ಸಮವಾಗಿ ಬಂದು ಎರಡು ಕಡ್ಡಿ ಸಂದಿಲ್ಲದೆ ಕೂರುತ್ತವೆ. ಎರಡೂ ಕಡೆ ಸಾಣೆ ಇರುವ ಜೇಬಿನ ಚಾಕು ಮಧ್ಯದಲ್ಲಿ ತಗ್ಗು ಬಿಡುತ್ತದೆ. ಮಡಚುವ ಕಸಿ ಚಾಕುಗಳನ್ನು ಫಾಲ್ಕನ್‌ನಂಥ ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ, ಬೆಲೆ ಹೊರೆಯಲ್ಲ. ಅದನ್ನು ಬೇರೆ ಇಡಿ. ಸುತಲಿ ಕೊಯ್ಯಲು ಮನೆಯವರಿಗೆ ಕೊಡಬೇಡಿ, ಜಗಳವಾದರೂ ಪರವಾಗಿಲ್ಲ.

ಇದರ ಜೊತೆಗೆ ಇನ್ನೊಂದು ಮಾತು. ಸೊರಗು ರೋಗ ಬಂದ ಟೊಮೆಟೊ ಗಿಡ ಕೊಯ್ದ ಚಾಕು ಹಾಗೇ ಪಕ್ಕದ ಗಿಡಕ್ಕೆ ಹೋದರೆ ರೋಗವೂ ಹೋಗುತ್ತದೆ. ಜೇಬಿನಲ್ಲಿ ಸ್ಪಿರಿಟ್ ಹಚ್ಚಿದ ಬಟ್ಟೆ ಇರಲಿ.

ಹಲಸಿನ ಅಂಟು ಹೋಗುತ್ತಿಲ್ಲ.

ಕೊಯ್ಯುವ ಮೊದಲೇ ಅಲಗಿಗೆ ಎಣ್ಣೆ ಸವರಬೇಕಿತ್ತು. ಈಗ ಸೀಮೆಎಣ್ಣೆ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಅಡುಗೆ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು ಒರೆಸಿ, ಆಮೇಲೆ ಸೋಪು. ಮಡಚು ಚಾಕುವಿನಲ್ಲಿ ಹಲಸು ಕೊಯ್ಯುವುದೇ ತಪ್ಪು. ಕೀಲಿನೊಳಗೆ ಅಂಟು ಹೋದರೆ ಬಿಡಿಸುವುದು ನರಕ. ಅದಕ್ಕೆ ಮಚ್ಚು ಇದೆಯಲ್ಲ.

ಮನೆಯಲ್ಲೇ ಸಾಣೆ ಹಿಡಿಯುವುದು ಹೇಗೆ?

ಇದೊಂದು ಕಲಿತರೆ ಚಾಕುವಿನ ಬೆಲೆಯ ಚರ್ಚೆಯೇ ಅರ್ಧ ಮುಗಿಯುತ್ತದೆ. ಎರಡು ಮುಖದ ಕಾರ್ಬೊರಂಡಮ್ ಕಲ್ಲು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದೂ ಇಲ್ಲದಿದ್ದರೆ ನೀರಿನಲ್ಲಿ ಉಜ್ಜುವ ಎಮರಿ ಕಾಗದ 400, 800, 1000 ನಂಬರಿನದು ತಂದು ಗಾಜಿನ ತುಂಡಿನ ಮೇಲೆ ಅಂಟಿಸಿ. ಕಲ್ಲು ಒದ್ದೆ ಮಾಡಿ.

ಅಲಗನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿದರೆ 90 ಡಿಗ್ರಿ. ಅದರ ಅರ್ಧ 45. ಅದರ ಅರ್ಧಕ್ಕಿಂತ ಚೂರು ಕಮ್ಮಿ, ಅದೇ ನಮಗೆ ಬೇಕಾದ 20 ಡಿಗ್ರಿ. ಆ ಓರೆ ಬದಲಾಗದ ಹಾಗೆ ಒಂದು ಕಡೆ ಮಾತ್ರ ಉಜ್ಜುತ್ತಾ ಹೋಗಿ. ಎಷ್ಟು ಸಲ ಅಂತ ಎಣಿಸಬೇಡಿ. ಇನ್ನೊಂದು ಕಡೆಯಿಂದ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದಾಗ ಸಣ್ಣ ಅಂಚು ತಡೆಯಬೇಕು. ಮೊನೆಯಿಂದ ಬುಡದ ತನಕ ಆ ಅಂಚು ಎದ್ದ ಮೇಲೆ ತಿರುಗಿಸಿ. ಜನ ಸೋಲುವುದು ಇಲ್ಲೇ. ಅಂಚು ಏಳುವ ಮೊದಲೇ ತಿರುಗಿಸಿ ತಿರುಗಿಸಿ ಉಜ್ಜುತ್ತಾರೆ, ಸಾಣೆ ಬರಲಿಲ್ಲ ಅಂತ ಕಲ್ಲಿಗೆ ಬೈಯುತ್ತಾರೆ.

ಎರಡೂ ಕಡೆ ಆದ ಮೇಲೆ ನುಣುಪು ಮುಖದಲ್ಲಿ ಕೈ ಹಗುರ ಮಾಡಿ, ಆ ಕಡೆ ಒಂದು ಈ ಕಡೆ ಒಂದು ಎಳೆಯಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬಾಯಿ ಹಿಂದೆ ಇರುವ ಹಾಗೆ, ನಾಲ್ಕಾರು ಸಲ ಎಳೆದರೆ ಮುಗಿಯಿತು. ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಎಳೆದು ನೋಡಿ. ಜಾರಿದರೆ ಇನ್ನೂ ಆಗಿಲ್ಲ.

ಗ್ರೈಂಡರ್ ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ. ಕೊಡಬಹುದಾ?

ಕುಡುಗೋಲು ಕೊಡಿ, ಚಾಕು ಬೇಡ. ತೆಳು ಅಲಗು ಚಕ್ರಕ್ಕೆ ತಾಗಿದರೆ ಬಾಯಿ ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತು ಅಂದರೆ ಅಲ್ಲಿ ಸುಮಾರು 300 ಡಿಗ್ರಿ ಆಗಿದೆ ಅಂತ ಅರ್ಥ. ಅಷ್ಟಕ್ಕೆ ಸಾದಾ ಕಾರ್ಬನ್ ಉಕ್ಕಿನ ಹದ ಹೋಗುತ್ತದೆ. ಆಮೇಲೆ ಆ ಜಾಗ ಎಷ್ಟು ಉಜ್ಜಿದರೂ ಸಾಣೆ ಹಿಡಿದು ನಿಲ್ಲುವುದಿಲ್ಲ. ಸೈಕಲ್ ತುಳಿದು ಸಾಣೆ ಹಿಡಿಯುವವರು ಬಂದರೆ ಅವರ ಚಕ್ರ ನಿಧಾನ, ಆದರೂ ನೀರು ಹಾಕಿಕೊಂಡು ಹಿಡಿಯಲು ಹೇಳಿ.

ಕೀಲಿಗೆ ಕೊಬ್ಬರಿ ಎಣ್ಣೆ ಹಾಕುತ್ತೇನೆ. ಸರಿನಾ?

ಬೇಸಿಗೆಯಲ್ಲಿ ನಡೆಯುತ್ತದೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ನಮ್ಮ ಡಿಸೆಂಬರಿನ ಬೆಳಗ್ಗೆ ತೋಟದಲ್ಲಿ ಚಾಕು ಬಿಚ್ಚಲು ಒದ್ದಾಡುತ್ತೀರಿ. ಸಾಲದ್ದಕ್ಕೆ ಧೂಳನ್ನು ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ, ಅದೂ ಮಣ್ಣು ತೆಗೆದ ಮೇಲೆ. ಹೆಚ್ಚಾದದ್ದನ್ನು ಒರೆಸಿಬಿಡಿ.

ಪೊಲೀಸರು ಹಿಡಿಯುತ್ತಾರಾ?

1959ರ ಆಯುಧ ಕಾಯ್ದೆಯಲ್ಲಿ ಬರೀ ಮನೆಯ ಅಥವಾ ಬೇಸಾಯದ ಕೆಲಸಕ್ಕೆ ಮಾಡಿದ ಉಪಕರಣಗಳು ಆಯುಧದ ಲೆಕ್ಕಕ್ಕೆ ಬರುವುದಿಲ್ಲ. ನಿಯಮಗಳಲ್ಲಿ ಹೇಳಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತು. ನಾವು ಮಾತಾಡುತ್ತಿರುವ ಚಾಕುಗಳ ಅಲಗು ನಾಲ್ಕು ಇಂಚಿನ ಒಳಗಿನವು. ಆದರೂ ಜಾಗ, ಸಮಯ ನೋಡಿ ನಡೆಯಬೇಕು. ಚುನಾವಣೆ, ಗಲಾಟೆ ಅಂತ ನಿಷೇಧಾಜ್ಞೆ ಇರುವಾಗ ಆಯುಧ ಹಿಡಿದು ಓಡಾಡುವಂತಿಲ್ಲ ಅಂತ ಆದೇಶ ಬರುತ್ತದೆ. ಆ ದಿನಗಳಲ್ಲಿ ಮನೆಯಲ್ಲಿಡಿ. ಕೋರ್ಟಿಗೆ, ಜಾತ್ರೆಯ ನೂಕುನುಗ್ಗಲಿಗೆ ತಗೊಂಡು ಹೋಗಬೇಡಿ. ದೇವನಹಳ್ಳಿಯಲ್ಲಿ ವಿಮಾನ ಹತ್ತುವವರು ಕೈಚೀಲದಲ್ಲಿ ಇಟ್ಟರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ, ಕೌಂಟರಿನಲ್ಲಿ ಒಪ್ಪಿಸುವ ಲಗೇಜಿಗೆ ಹಾಕಿ.

ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕು ಕೇಳಿಕೊಂಡು ಬರುವ ಹುಡುಗರಿಗೆ ನಾನು ಇಲ್ಲ ಅನ್ನುತ್ತೇನೆ. ಅದರಿಂದ ಯಾವ ಕೆಲಸವೂ ಆಗುವುದಿಲ್ಲ, ಪೊಲೀಸರಿಗೆ ಅನುಮಾನ ಬರುವುದೂ ಅದರಿಂದಲೇ.

ಆನ್‌ಲೈನ್‌ನಲ್ಲಿ ‘ಸ್ವಿಸ್ ಚಾಕು’ 300 ರೂಪಾಯಿಗೆ ಇದೆಯಲ್ಲ?

ಸ್ವಿಸ್ ಆಗಿರಲು ಸಾಧ್ಯವಿಲ್ಲ. ಅಸಲಿ ವಿಕ್ಟೋರಿನಾಕ್ಸ್ ಆದರೆ ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಕೊರೆದಿರುತ್ತದೆ. ಎಲ್ಲ ಉಪಕರಣ ಮಡಚಿದಾಗ ಒಂದೇ ಮಟ್ಟದಲ್ಲಿ ಕೂರುತ್ತವೆ, ಬಿಚ್ಚಿದರೆ ಟಕ್ ಅನ್ನುವ ಸದ್ದು ಒಂದೇ ಥರ ಇರುತ್ತದೆ. ಹನ್ನೊಂದು, ಹದಿಮೂರು ಕೆಲಸ ಮಾಡುತ್ತದೆ ಅನ್ನುವ ಆ ಅಗ್ಗದ ಮಾಲಿನಲ್ಲಿ ಒಂದು ಕೆಲಸವೂ ನೆಟ್ಟಗೆ ಆಗುವುದಿಲ್ಲ.

ನಮ್ಮ ಕಮ್ಮಾರರ ಹತ್ತಿರವೇ ಮಾಡಿಸಿದರೆ?

ಮಡಚುವುದು ಬೇಡ, ಕೀಲು ಮತ್ತು ಲಾಕ್ ಕುಲುಮೆಯ ಕೆಲಸವಲ್ಲ. ಮಡಚದ ಸಣ್ಣ ಚಾಕು ಬೇಕಾದರೆ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿಕೊಳ್ಳಿ, ಒರೆಯ ಜೊತೆಗೆ. ಒಳ್ಳೆಯ ಉಕ್ಕು ಅದು. ಅಲಗು ತೆಳುವಾಗಿಯೇ ಬೇಕು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅವರ ಕೈ ಮಚ್ಚಿನ ಅಳತೆಗೇ ಹೋಗುತ್ತದೆ.

ಚಾಕು ಪದೇ ಪದೇ ಕಳೆದುಹೋಗುತ್ತದೆ. ಏನು ಮಾಡಲಿ?

ಹಿಡಿಯ ತೂತಿಗೆ ಕೆಂಪು ಅಥವಾ ಕಿತ್ತಳೆ ಬಣ್ಣದ ದಾರ ಕಟ್ಟಿ, ಒಂದು ಗೇಣು ಉದ್ದ ಬಿಡಿ. ಹಸಿರು, ಕಪ್ಪು ಹಿಡಿಯ ಚಾಕು ಹಿಪ್ಪುನೇರಳೆ ತೋಟದಲ್ಲಿ ಬಿದ್ದರೆ ಸಿಗುವುದಿಲ್ಲ. ತೂತಿಲ್ಲದ ಒಪಿನೆಲ್ ಆದರೆ ಹಿಡಿಯ ತುದಿಯಲ್ಲಿ ಸಣ್ಣ ಡ್ರಿಲ್ ಹಾಕಿ, ಅಲಗಿನ ಮೊನೆ ಎಲ್ಲಿಯ ತನಕ ಬರುತ್ತದೆ ಅಂತ ಮೊದಲು ನೋಡಿಕೊಂಡು.